ನಲವತ್ತು ದಿನದ ಗಂಡ

ಹೆಣ್ಣು ಕೊಡುವವರು ತಪಸ್ಸಿನ ಕಾಲದಲ್ಲಿ ಗಂಡು ನೋಡಲು ಹೋಗಬಾರದು, ಹೋಗಲೇಬೇಕಿದ್ದರೆ ಈಸ್ಟರ್ ಹಬ್ಬದ ಮಾರನೆಯ ದಿನ ಮಧ್ಯಾಹ್ನದ ಮೇಲೆ ಹೋಗಬೇಕು ಎಂದು ಮರಿಯಮ್ಮ ಹೇಳುತ್ತಿದ್ದಳು. ತುಮಕೂರಿನ ಚರ್ಚಿನ ಹೆಂಗಸರು ಇದನ್ನು ಕೇಳಿ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರು. ಮರಿಯಮ್ಮ ಮಾತ್ರ ನಗುತ್ತಿರಲಿಲ್ಲ.

ಅವಳ ಅಪ್ಪ ತಿಪ್ಪಯ್ಯ ಮಾಡಿದ್ದು ಅದೇ ತಪ್ಪು. ಕುಣಿಗಲ್ ಕಡೆಯ ಕೊತ್ತಗೆರೆಯಲ್ಲಿ ರಾಗಿ ಬೆಳೆದುಕೊಂಡಿದ್ದ ಮನುಷ್ಯ. ೧೯೯೦ರ ಮಾರ್ಚ್ ತಿಂಗಳಲ್ಲಿ ಮಗಳಿಗೆ ಗಂಡು ನೋಡಲು ತುಮಕೂರಿಗೆ ಬಂದ. ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡಲ್ಲಿಂದ ಈಸ್ಟರ್‌ವರೆಗೆ ಕ್ರೈಸ್ತರು ಉಪವಾಸ, ಪ್ರಾರ್ಥನೆ ಎಂದು ಕಳೆಯುವ ತಪಸ್ಸಿನ ಕಾಲದ ನಲವತ್ತು ದಿನಗಳಲ್ಲಿ ಆಗ ಅರ್ಧ ಮುಗಿದಿತ್ತು. ಹುಡುಗ ಅಂತರಸನಹಳ್ಳಿಯ ಒಂದು ಶೆಡ್ಡಿನಲ್ಲಿ ಗೇಟು, ಗ್ರಿಲ್ಲುಗಳ ವೆಲ್ಡಿಂಗ್ ಮಾಡುತ್ತಿದ್ದ. ಚರ್ಚಿನ ಪುಸ್ತಕದಲ್ಲಿ ದಾವೀದ, ಜನರ ಬಾಯಲ್ಲಿ ದ್ಯಾವಪ್ಪ. ಸಂಜೆ ಶೆಡ್ಡು ಬಿಟ್ಟಾಗ ಉಳಿದ ಕೆಲಸಗಾರರು ಸೀದಾ ಸಾರಾಯಿ ಅಂಗಡಿಗೆ ನುಗ್ಗಿದರೆ, ಇವನು ಅತ್ತ ಮುಖವನ್ನೂ ತಿರುಗಿಸದೆ ಸೈಕಲ್ ಹತ್ತಿ ಚರ್ಚಿನ ದಾರಿ ಹಿಡಿದ. ತಿಪ್ಪಯ್ಯನಿಗೆ ಎದೆ ತುಂಬಿ ಬಂತು.

“ಬಂಗಾರದಂಥ ಹುಡ್ಗ ಕಣವ್ವಾ,” ಎಂದ ಊರಿಗೆ ಬಂದು. “ಸಾರಾಯಿ ವಾಸ್ನೆ ಬಡುದ್ರೆ ಮೂಗು ಮುಚ್ಕಂತಾನೆ. ಕಣ್ಣಾರೆ ನೋಡ್ದೆ.”

ಮೂಗು ಮುಚ್ಚಿಕೊಂಡದ್ದು ಖಂಡಿತ ನಿಜ. ಯಾಕೆ ಮುಚ್ಚಿಕೊಂಡ ಎಂದು ತಿಪ್ಪಯ್ಯ ಕೇಳಬೇಕಿತ್ತು, ಕೇಳಲಿಲ್ಲ. ತಪಸ್ಸಿನ ಕಾಲದಲ್ಲಿ ಚರ್ಚಿನಲ್ಲಿ ಮದುವೆ ಮಾಡಿಸುವುದಿಲ್ಲವಾದ್ದರಿಂದ ಹಬ್ಬ ಕಳೆದು, ಏಪ್ರಿಲ್ ಕೊನೆಯಲ್ಲಿ ಮದುವೆ ಇಟ್ಟುಕೊಂಡರು. ಪೀಠದ ಮುಂದೆ ನಿಂತ ಮದುಮಗ ಉಂಗುರವನ್ನು ಎರಡು ಸಲ ಬೇರೆ ಬೆರಳಿಗೆ ತೊಡಿಸಲು ಹೋದ. ಮೂರನೆಯ ಸಲ ಮರಿಯಮ್ಮನೇ ಬೆರಳು ಮುಂದೆ ಚಾಚಿದಳು. ಆಗ ಅವನ ಉಸಿರು ಅವಳ ಮುಖಕ್ಕೆ ಬಡಿಯಿತು. ಬಡಿದದ್ದು ಏನೆಂದು ಅವಳಿಗೆ ಆ ಕ್ಷಣವೇ ಗೊತ್ತಾಯಿತು, ಆದರೆ ಫಾದರ್ ಅಷ್ಟರಲ್ಲಿ ಆಶೀರ್ವಾದಕ್ಕೆ ಕೈ ಎತ್ತಿಯಾಗಿತ್ತು.

ಮೊದಲ ಹತ್ತು ತಿಂಗಳು ಹೇಗೆ ಕಳೆದವು ಎಂದು ಬರೆಯುವುದರಲ್ಲಿ ಹೊಸದೇನಿಲ್ಲ. ಕುಡುಕನ ಮನೆ ಎಲ್ಲ ಊರಿನಲ್ಲೂ ಒಂದೇ ಥರ. ಸಂಜೆ ಪ್ಯಾಕೆಟ್ ಸಾರಾಯಿ ಕುಡಿದು ಬರುವುದು, ಅನ್ನದ ತಟ್ಟೆ ಹಾರುವುದು, ಹೊಡೆಯುವುದು, ಬೆಳಿಗ್ಗೆ ಅದೇ ಮನುಷ್ಯ ಬಾಯಿ ಮುಕ್ಕಳಿಸಿ ತಲೆ ತಗ್ಗಿಸಿಕೊಂಡು ಶೆಡ್ಡಿಗೆ ಹೋಗುವುದು. ಹೊಸದಾಗಿ ಕಂಡದ್ದು ೧೯೯೧ರ ಫೆಬ್ರವರಿಯಲ್ಲಿ. ಬೂದಿ ಬುಧವಾರದ ಹಿಂದಿನ ದಿನ ದ್ಯಾವಪ್ಪ ಎಂದಿಗಿಂತ ಎರಡರಷ್ಟು ಕುಡಿದು ಬಂದ. ಬುಧವಾರ ಬೆಳಿಗ್ಗೆ ತಣ್ಣೀರಲ್ಲಿ ಮಿಂದು, ಬಿಳಿ ಅಂಗಿ ತೊಟ್ಟು, ಚರ್ಚಿಗೆ ಹೋಗಿ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದ. ಆ ಸಂಜೆ ಕುಡಿಯಲಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ಕೈ ನಡುಗಿ ಲೋಟ ಹಿಡಿಯಲಾಗದೆ ಹೋಯಿತು, ಮೈ ಬೆವರಿ ಚಾಪೆ ಒದ್ದೆಯಾಯಿತು. ಮರಿಯಮ್ಮ ಗಂಜಿ ಕುಡಿಸಿದಳು, ಮಜ್ಜಿಗೆ ಕುಡಿಸಿದಳು. ಹತ್ತನೆಯ ದಿನದ ಹೊತ್ತಿಗೆ ಅವಳ ಮುಂದೆ ಒಬ್ಬ ಗಂಡಸು ಕೂತಿದ್ದ. ತನ್ನಪ್ಪ ನೋಡಿ ಬಂದು ವರ್ಣಿಸಿದ ಅದೇ ಬಂಗಾರದಂಥ ಹುಡುಗ!

ಆ ಹುಡುಗ ಸೋರುವ ಹೆಂಚು ಬದಲಾಯಿಸಿದ. ಬಚ್ಚಲಿಗೆ ತಗಡಿನ ಬಾಗಿಲು ಮಾಡಿ ಹಾಕಿದ. ವಾರದ ಸಂಬಳ ತಂದು ಅವಳ ಕೈಗೇ ಇಟ್ಟ. ಒಂದು ಭಾನುವಾರ ಪೂಜೆ ಮುಗಿಸಿಕೊಂಡು ಕುಣಿಗಲ್ ಬಸ್ಸು ಹತ್ತಿಸಿ ತವರಿಗೆ ಕರೆದುಕೊಂಡು ಹೋದ, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಅವಳಿಗೆ ಬಿಟ್ಟುಕೊಟ್ಟ. ಅವಳಿಗೆ ನಾಚಿಕೆಯಾಯಿತು, ಸಂತೋಷವಾಯಿತು, ಭಯವೂ ಆಯಿತು. ಒಂದು ಸಂಜೆ ಧೈರ್ಯ ಮಾಡಿ ಕೇಳಿಯೇ ಬಿಟ್ಟಳು.

“ಹಿಂಗೇ ಇದ್ಬುಡಬಾರ್ದಾ?”

ದ್ಯಾವಪ್ಪ ಸುಳ್ಳು ಹೇಳುವವನಲ್ಲ. ಕಥೆ ಹೇಳಿದ. ಅವನ ತಾಯಿ ದೊಡ್ಡಗಂಗಮ್ಮ ಗುಬ್ಬಿಯಲ್ಲಿ ಸಾಯುತ್ತಾ ಮಲಗಿದ್ದಾಗ ಮಗನ ಕೈಯನ್ನು ಶಿಲುಬೆಯ ಮೇಲೆ ಇಡಿಸಿ ಆಣೆ ಮಾಡಿಸಿಕೊಂಡಿದ್ದಳಂತೆ. ಮಗನ ಶಕ್ತಿ ಎಷ್ಟೆಂದು ಹೆತ್ತವಳಿಗೆ ಗೊತ್ತಿತ್ತು. ಪೂರಾ ಬಿಡು ಎಂದು ಕೇಳಲಿಲ್ಲ. ‘ತಪಸ್ಸಿನ ಕಾಲ ಒಂದು ಮುಟ್ಟಬೇಡ ಕಣ್ಲಾ’ ಎಂದಷ್ಟೇ ಕೇಳಿ ಕಣ್ಣು ಮುಚ್ಚಿದಳು.

“ನಲ್ವತ್ತು ದಿನ ಸ್ವಾಮಿಗೆ ಕೊಟ್ಟಿದೀನಿ ಕಣೇ,” ಎಂದ ದ್ಯಾವಪ್ಪ. “ಮಿಕ್ಕಿದ್ದು ನಂದು.”

“ಹಂಗಾರೆ ನಂದು ಯಾವ್ದು?”

ದ್ಯಾವಪ್ಪ ಎದ್ದು ಸೈಕಲ್ ಒರೆಸಲು ಹೋದ. ಸತ್ತ ಅತ್ತೆಯ ಮೇಲೆ ಮರಿಯಮ್ಮನಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕೇಳುವುದು ಕೇಳಿದಳು, ಸಾಯುವವರ ಮಾತು ಯಾರೂ ಮೀರುವುದಿಲ್ಲ, ಇನ್ನೊಂದು ದಿನ ಸೇರಿಸಿ ಕೇಳಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ಒಂದೇ ಒಂದು ದಿನ. ಈಸ್ಟರ್ ದಿನ ಒಂದು ಕುಡಿಯದೆ ದಾಟಿದರೆ ಅದರ ಮಾರನೆಯ ದಿನವನ್ನು ತಾನು ನೋಡಿಕೊಳ್ಳುತ್ತೇನೆ ಎಂದು ಅವಳ ಲೆಕ್ಕ. ಅಂದಿನಿಂದ ಮರಿಯಮ್ಮ ದೇವರಲ್ಲಿ ಬೇಡುತ್ತಾ ಬಂದದ್ದು ಆ ನಲವತ್ತೊಂದನೆಯ ದಿನವನ್ನು.

ಆ ವರ್ಷದ ಈಸ್ಟರ್ ಬಂತು. ಪೂಜೆ ಮುಗಿಸಿ, ಮಟನ್ ಊಟ ಮಾಡಿ, ‘ಬಂದೆ ಇರು’ ಎಂದು ಎದ್ದು ಹೋದವನು ಎರಡು ಗಂಟೆಯ ಮೇಲೆ ತಿರುಗಿ ಬಂದು, ಮೂಲೆಯಲ್ಲಿದ್ದ ತಾಮ್ರದ ಬಿಂದಿಗೆಯ ನೀರು ಚೆಲ್ಲಿ, ಅದನ್ನು ಬೋರಲಾಗಿ ತಲೆ ಮೇಲೆ ಹೊತ್ತು ಮಾರಲು ಹೊರಟ. ನಲವತ್ತು ದಿನದ ಸಂಬಳವನ್ನೂ ಹೆಂಡತಿಗೇ ಕೊಟ್ಟಿದ್ದನಲ್ಲ, ಕೈ ಖಾಲಿ. ಕೊತ್ತಗೆರೆಯಿಂದ ಅವಳು ತಂದಿದ್ದ ಬಿಂದಿಗೆ ಅದು. ಬೀದಿಯಲ್ಲಿ ಅವನನ್ನು ಅಡ್ಡಗಟ್ಟಿದವಳು ಜಮಾಲುನ್ನೀಸಾ. ಮೂರು ಮನೆ ಆಚೆಯವಳು, ದ್ಯಾವಪ್ಪ ಕೆಲಸ ಮಾಡುವ ಶೆಡ್ಡಿನ ಮಾಲೀಕ ಏಜಾಜ್ ಅಹಮದರ ಹೆಂಡತಿ. “ಇಳಿಸು ಕೆಳಗೆ,” ಎಂದು ಒಂದೇ ಮಾತು ಹೇಳಿ ಬಿಂದಿಗೆ ಕಿತ್ತುಕೊಂಡು ತಂದು ಮರಿಯಮ್ಮನ ಹೊಸ್ತಿಲಲ್ಲಿ ಇಟ್ಟಳು.

“ಮುಂದಿನ ವರ್ಷ ಹಬ್ಬದ ಹಿಂದಿನ ದಿನಾನೇ ನಮ್ಮನೇಲಿ ತಂದಿಡಮ್ಮ. ಹಬ್ಬ ಆಗಿ ಎರಡು ದಿನ ಬಿಟ್ಟು ತಗೊಂಡ್ಹೋಗು.”

ಹಾಗೆ ಶುರುವಾದದ್ದು ಪದ್ಧತಿಯೇ ಆಗಿಹೋಯಿತು. ಪ್ರತಿ ವರ್ಷ ಈಸ್ಟರ್ ಹಿಂದಿನ ಶನಿವಾರ ಸಂಜೆ, ಉಳಿದ ಮನೆಗಳಲ್ಲಿ ಹಬ್ಬದ ಅಡುಗೆಗೆ ಬೆಳ್ಳುಳ್ಳಿ ಬಿಡಿಸುವ ಹೊತ್ತಿನಲ್ಲಿ, ಮರಿಯಮ್ಮ ಬಿಂದಿಗೆಯನ್ನು ಒರೆಸಿ ಸೊಂಟದ ಮೇಲಿಟ್ಟುಕೊಂಡು ಮೂರು ಮನೆ ದಾಟುತ್ತಿದ್ದಳು. ಜಮಾಲುನ್ನೀಸಾ ಬಾಗಿಲ ಹಿಂದೆ ಇಟ್ಟುಕೊಳ್ಳುತ್ತಿದ್ದಳು. “ನಾಡಿದ್ದು ಬರ್ತೀನಿ ಜಮಾಲಕ್ಕ,” ಎನ್ನುವುದು, “ಬಾಮ್ಮ,” ಎನ್ನುವುದು. ಅಷ್ಟೇ ಮಾತು.

೧೯೯೩ರಲ್ಲಿ ರಂಜಾನ್ ತಿಂಗಳೂ ತಪಸ್ಸಿನ ಕಾಲವೂ ಹೆಚ್ಚುಕಡಿಮೆ ಒಟ್ಟಿಗೇ ಶುರುವಾದವು. ಶೆಡ್ಡಿನಲ್ಲಿ ಒಂದು ಕಡೆ ಏಜಾಜ್ ಸಾಹೇಬರ ರೋಜಾ, ಇನ್ನೊಂದು ಕಡೆ ದ್ಯಾವಪ್ಪನ ಉಪವಾಸ. ಆ ವರ್ಷ ದ್ಯಾವಪ್ಪ ಶೆಡ್ಡಿನಲ್ಲಿ ಉಳಿದ ತುಂಡು ಕಬ್ಬಿಣ ಬೇಡಿ ತಂದು ಹದಿನಾಲ್ಕು ಶಿಲುಬೆ ವೆಲ್ಡ್ ಮಾಡಿ ಚರ್ಚಿಗೆ ಕೊಟ್ಟ. ತಪಸ್ಸಿನ ಕಾಲದ ಪ್ರತಿ ಶುಕ್ರವಾರ ಯೇಸುಸ್ವಾಮಿ ಶಿಲುಬೆ ಹೊತ್ತ ದಾರಿಯನ್ನು ನೆನೆದು ಹದಿನಾಲ್ಕು ಕಡೆ ನಿಂತು ಪ್ರಾರ್ಥಿಸುವ ಶಿಲುಬೆ ಹಾದಿಗೆ ಅವು ಬೇಕಿದ್ದವು. ಕಬ್ಬಿಣ ಪುಕ್ಕಟೆ ಕೊಟ್ಟ ಏಜಾಜ್ ಸಾಹೇಬರು ಒಂದೇ ಪ್ರಶ್ನೆ ಕೇಳಿದರಂತೆ.

“ನನ್ನ ರೋಜಾ ದಿನಾ ಸಂಜೆ ಮುಗೀತದೆ, ಮುಗಿದ್ರೂ ನಾನು ಅದೇ ಏಜಾಜ್. ನಿಂದು ಮುಗಿದ ದಿನ ನೀನ್ಯಾಕೋ ಬೇರೆಯವನಾಗ್ತೀಯ?”

ದ್ಯಾವಪ್ಪ ನಕ್ಕು ಮತ್ತೆ ವೆಲ್ಡಿಂಗ್ ರಾಡು ಕೈಗೆತ್ತಿಕೊಂಡ. ಈಸ್ಟರ್‌ಗೆ ಮುಂಚಿನ, ಯೇಸುಸ್ವಾಮಿ ಸತ್ತ ಶುಭ ಶುಕ್ರವಾರದ ದಿನ ದೊಡ್ಡ ಮರದ ಶಿಲುಬೆಯನ್ನು ಅವನೇ ಹೊತ್ತ. ಬಿಸಿಲಲ್ಲಿ ಬರಿಗಾಲಲ್ಲಿ ಅವನು ನಡೆಯುವುದನ್ನು ನೋಡಿ ಎಷ್ಟೋ ಜನ ಕಣ್ಣೊರೆಸಿಕೊಂಡರು. “ಏನು ಭಕ್ತಿ ನೋಡ್ರೀ,” ಎಂದರು. ಅವರ ಪಕ್ಕದಲ್ಲೇ, ಆಗಷ್ಟೇ ವರ್ಷ ತುಂಬಿದ ಮಗಳು ರೂಬಿಯನ್ನು ಎತ್ತಿಕೊಂಡು ನಿಂತಿದ್ದ ಮರಿಯಮ್ಮನಿಗೆ, ಈ ಭಕ್ತಿಗೆ ಇನ್ನು ಒಂದೂವರೆ ದಿನ ಆಯುಸ್ಸು, ಆಮೇಲೆ ಬನ್ನಿ ನಮ್ಮನೆಗೆ ಎಂದು ಕೂಗಬೇಕೆನ್ನಿಸಿತು. ಸಂಜೆ ಮನೆಗೆ ಬಂದು ಅವನ ಅಂಗಾಲಿನ ಬೊಬ್ಬೆಗಳಿಗೆ ಎಣ್ಣೆ ಹಚ್ಚಿದಳು.

ವರ್ಷಗಳು ಹೀಗೇ ಉರುಳಿದವು. ರೂಬಿ ಬೆಳೆದಳು. ಮರಿಯಮ್ಮ ಒಂದು ಶಾಲೆಯಲ್ಲಿ ಆಯಾ ಕೆಲಸಕ್ಕೆ ಸೇರಿದಳು. ನಲವತ್ತು ದಿನ ಗಂಡ, ಮಿಕ್ಕ ದಿನ ಅವನ ಹೆಸರಿನ ಯಾವನೋ. ರೂಬಿಗೆ ಓದು ಹೇಳಿಕೊಟ್ಟದ್ದು, ಸೈಕಲ್ ಕಲಿಸಿದ್ದು, ತಲೆ ಬಾಚಿದ್ದು ಎಲ್ಲ ಆ ನಲವತ್ತರಲ್ಲೇ. ಮಗು ಒಂದು ಸಲ ಕ್ರಿಸ್‌ಮಸ್ ಮುಗಿಯುತ್ತಿದ್ದಂತೆಯೇ ಕೇಳಿತ್ತು: “ಅಮ್ಮಾ, ಅಪ್ಪ ಬರಕ್ಕೆ ಇನ್ನೆಷ್ಟು ದಿನ?” ಅಪ್ಪ ಅಲ್ಲೇ ಗೋಡೆಗೊರಗಿ ಬಾಯಿ ತೆರೆದು ಮಲಗಿದ್ದ.

ಅನಾಹುತವಾದದ್ದು ೧೯೯೮ರಲ್ಲಿ, ಅದೂ ಮರಿಯಮ್ಮನ ಕೈಯಿಂದಲೇ. ಅದುವರೆಗೆ ದ್ಯಾವಪ್ಪ ದಿನ ಎಣಿಸಿದವನೇ ಅಲ್ಲ. ಬೂದಿ ಬುಧವಾರ ನಿಲ್ಲಿಸುವುದು, ಈಸ್ಟರ್ ದಿನ ಶುರು ಮಾಡುವುದು. ಆ ವರ್ಷ ಶೆಡ್ಡಿನಲ್ಲಿ ಯಾರೋ ತಲೆಹರಟೆ ಮಾಡಿ, ಕ್ಯಾಲೆಂಡರ್ ಮುಂದೆ ನಿಲ್ಲಿಸಿ ಎಣಿಸಿ ತೋರಿಸಿದರು. ಬೂದಿ ಬುಧವಾರದಿಂದ ಎಣಿಸಿದರೆ ನಲವತ್ತನೆಯ ದಿನ ಬರುವುದು ಈಸ್ಟರ್‌ಗಲ್ಲ, ಅದಕ್ಕೆ ಒಂದು ವಾರ ಮೊದಲಿನ ಗರಿಗಳ ಭಾನುವಾರಕ್ಕೆ! ದ್ಯಾವಪ್ಪ ಮನೆಗೆ ಬಂದು ಕಬ್ಬಿಣಕ್ಕೆ ಗುರುತು ಹಾಕುವ ಸೀಮೆಸುಣ್ಣದಲ್ಲೇ ಗೋಡೆಯ ಮೇಲೆ ಗೆರೆ ಎಳೆದು ಲೆಕ್ಕ ಹಾಕಿದ.

“ಇಷ್ಟು ವರ್ಷ ಸ್ವಾಮಿಗೆ ಆರು ದಿನ ಜಾಸ್ತಿ ಕೊಟ್ಟಿದೀನಿ ಕಣೇ. ಈ ಸಲ ಸೋಮವಾರದಿಂದ ನಂದೇ.”

ಯೇಸುಸ್ವಾಮಿ ಪಾಡುಪಟ್ಟ ವಾರದಲ್ಲಿ ಇವನು ಕುಡಿದು ಬೀದಿಯಲ್ಲಿ ಬೀಳುವುದೆಂದರೇನು? ಮರಿಯಮ್ಮ ಉಟ್ಟ ಸೀರೆಯಲ್ಲೇ ಚರ್ಚಿಗೆ ಓಡಿ ಫಾದರ್ ಮುಂದೆ ನಿಂತಳು. ಫಾದರ್ ವಯಸ್ಸಾದವರು, ತಾಳ್ಮೆಯ ಮನುಷ್ಯ. ಬೆರಳು ಮಡಿಸಿ ವಿವರಿಸಿದರು.

“ಭಾನುವಾರ ಪ್ರಭು ಎದ್ದ ದಿನ ಅಲ್ವಾ ಅಮ್ಮ. ಅವತ್ತು ಉಪವಾಸ ಇಲ್ಲ. ನಲವತ್ತರ ಲೆಕ್ಕಕ್ಕೆ ಭಾನುವಾರ ಸೇರಿಸೋದಿಲ್ಲ. ನಡುವೆ ಬರೋ ಆರು ಭಾನುವಾರ ಬಿಟ್ಟು ಎಣಿಸಿದರೆ ನಲವತ್ತು ಮುಗಿಯೋದು ಈಸ್ಟರ್ ಹಿಂದಿನ ಶನಿವಾರಕ್ಕೇ.”

ಗೆದ್ದೆ ಎಂದುಕೊಂಡು ಮರಿಯಮ್ಮ ಮನೆಗೆ ಹಾರಿಕೊಂಡೇ ಬಂದಳು. ಗೋಡೆಯ ಗೆರೆಗಳಲ್ಲಿ ಆರನ್ನು ತನ್ನ ಸೆರಗಿನಿಂದಲೇ ಒರೆಸಿ ತೋರಿಸಿದಳು. “ಭಾನ್ವಾರ ಲೆಕ್ಕಕ್ಕಿಲ್ವಂತೆ. ಫಾದರೇ ಹೇಳುದ್ರು. ಇನ್ನೂ ಆರು ದಿನ ಬಾಕಿ ಅದೆ ನಿಂದು.” ದ್ಯಾವಪ್ಪ ಬೆರಳಿಟ್ಟು ಗೆರೆಗಳನ್ನು ಮತ್ತೆ ಎಣಿಸಿದ. ಒಪ್ಪಿದ. ಆ ವಾರ ಕುಡಿಯಲಿಲ್ಲ.

ಮರುವರ್ಷ, ತಪಸ್ಸಿನ ಕಾಲದ ಮೊದಲ ಭಾನುವಾರ, ಪೂಜೆಯಿಂದ ಬಂದವನು ನೇರ ಸಾರಾಯಿ ಅಂಗಡಿಗೆ ಹೋಗಿ ಕುಡಿದು ಬಂದ. ಮರಿಯಮ್ಮ ಬಾಗಿಲಲ್ಲೇ ಎದೆ ಎದೆ ಬಡಿದುಕೊಂಡಳು.

“ಅಯ್ಯೋ, ಆಣೆ ಮುರುದ್ಯಲ್ಲೋ ಪಾಪಿ!”

“ಎಲ್ಲಿ ಮುರುದೆ?” ಎಂದ ದ್ಯಾವಪ್ಪ, ಸಿಟ್ಟಿಲ್ಲದೆ. “ಭಾನ್ವಾರ ಲೆಕ್ಕಕ್ಕಿಲ್ಲ ಅಂತ ನೀನೇ ಹೇಳ್ಲಿಲ್ವಾ?”

ಆರು ಭಾನುವಾರ ಹೋದರೆ ಹೋಗಲಿ, ಉಳಿದದ್ದಾದರೂ ಉಳಿಯಿತು ಎಂದುಕೊಳ್ಳುವಂತಿದ್ದರೆ ಚೆನ್ನಾಗಿತ್ತು. ಕುಡುಕನ ದೇಹ ಹಾಗೆ ನಡೆಯುವುದಿಲ್ಲ. ಭಾನುವಾರ ಕುಡಿದರೆ ಸೋಮವಾರ, ಮಂಗಳವಾರ ನಡುಕ, ಬುಧವಾರ ಬೆವರು, ಗುರುವಾರ ತಲೆ ಎತ್ತುವುದು, ಶುಕ್ರವಾರ ಶಿಲುಬೆ ಹಾದಿ, ಶನಿವಾರವೆಲ್ಲ ಭಾನುವಾರದ ದಾರಿ ಕಾಯುವುದು. ಆ ಬಂಗಾರದಂಥ ಹುಡುಗ ಮತ್ತೆ ಬರಲೇ ಇಲ್ಲ. ವರ್ಷಕ್ಕೆ ನಲವತ್ತು ದಿನವಾದರೂ ಇದ್ದ ಗಂಡನನ್ನು ಮರಿಯಮ್ಮ ತನ್ನ ಸೆರಗಿನಿಂದಲೇ ಒರೆಸಿ ಹಾಕಿದ್ದಳು. ಇದನ್ನು ಅವಳು ಯಾರ ಮುಂದೆ ಹೇಳಿಕೊಳ್ಳಬೇಕು? ಫಾದರ್ ಹೇಳಿದ್ದು ನಿಜ, ಇವಳು ಹೇಳಿದ್ದು ನಿಜ, ಅವನು ಹೇಳಿದ್ದೂ ನಿಜ. ಉಳಿದವನು ದೇವರೊಬ್ಬ. ಅವನ ಮೇಲೆ ಅವಳಿಗೆ ತಡೆಯಲಾರದ ಕೋಪ ಬಂತು.

೨೦೦೧ರ ತಪಸ್ಸಿನ ಕಾಲದಲ್ಲಿ ಅವಳು ಪಾಪನಿವೇದನೆಗೆ ಹೋದಳು. ಜಾಲರಿಯ ಆಚೆ ಅದೇ ಫಾದರ್, ಈಚೆ ಮೊಣಕಾಲೂರಿ ಇವಳು.

“ಹಬ್ಬ ಬರ್ಬಾರ್ದು ಅಂತ ಬೇಡ್ಕೊಂಡಿದೀನಿ ಸ್ವಾಮಿ. ಎಲ್ರೂ ಯೇಸುಸ್ವಾಮಿ ಏಳಪ್ಪಾ ಅಂತ ಕಾಯ್ತಾರೆ. ನಾನು ಏಳ್ಬೇಡ, ಗೋರಿ ಒಳಗೇ ಇದ್ಬುಡು ಅಂತ ಕೇಳಿದೀನಿ. ಒಂದು ಸಲ ಅಲ್ಲ, ಹತ್ತು ವರ್ಷದಿಂದ.”

ಫಾದರ್ ಜಾಲರಿಯ ಹತ್ತಿರಕ್ಕೆ ಬಾಗಿದರು. ಆಮೇಲೆ ಮೆಲ್ಲಗೆ ಹೇಳಿದರು: “ನೀನು ದೇವರ ಹತ್ತಿರ ಹೋದಾಗಲೆಲ್ಲ ಎಣಿಸಿಕೊಂಡು ಹೋಗಿದ್ದೀಯ ಅಮ್ಮ. ಒಂದು ಸಲ ಎಣಿಸದೆ ಹೋಗು. ‘ಇನ್ನು ನಿನ್ನಿಷ್ಟ’ ಅಂತ ಒಂದೇ ಮಾತು, ಮನಸ್ಸಾರೆ ಹೇಳು. ಬೇರೆ ಜಪ ಬೇಡ. ಇದೇ ನಿನ್ನ ಪ್ರಾಯಶ್ಚಿತ್ತ.”

ನೂರು ಜಪ ಕೊಟ್ಟಿದ್ದರೆ ಮುಗಿಸಿ ಎದ್ದು ಬರುತ್ತಿದ್ದಳು. ಈ ಒಂದು ಮಾತನ್ನು ಹೇಳದೆಯೇ ಎದ್ದು ಬಂದಳು. ನಿನ್ನಿಷ್ಟ ಎಂದರೆ ಮುಗಿಯಿತಲ್ಲ, ನಲವತ್ತೊಂದನೆಯ ದಿನ ಕೇಳುವವರು ಯಾರು? ಎಲ್ಲರೂ ಕೈ ಬಿಟ್ಟ ಮನುಷ್ಯನನ್ನು ತಾನೂ ಬಿಟ್ಟಂತಾಗಲಿಲ್ಲವೇ? ಪ್ರಾಯಶ್ಚಿತ್ತ ತೀರಿಸದೆ ಪೂಜೆಯಲ್ಲಿ ಫಾದರ್ ಕೊಡುವ ಪರಮಪ್ರಸಾದ ತೆಗೆದುಕೊಳ್ಳಬಾರದು ಎಂದು ಅವಳ ಮನಸ್ಸಿಗೆ ಬಂತು. ಆವತ್ತಿನಿಂದ ಪೂಜೆಯಲ್ಲಿ ಎಲ್ಲರೂ ಎದ್ದು ಸಾಲು ನಿಂತರೆ ಮರಿಯಮ್ಮ ಬೆಂಚಿನಲ್ಲೇ ಕೂತಿರುತ್ತಿದ್ದಳು. ಹೀಗೆ ನಾಲ್ಕು ವರ್ಷ. ಹೆಂಗಸರು ಏನೇನೋ ಮಾತಾಡಿಕೊಂಡರು, ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

೨೦೦೪ರ ಕ್ರಿಸ್‌ಮಸ್ ಹೊತ್ತಿಗೆ ದ್ಯಾವಪ್ಪನ ಕಣ್ಣು ಹಳದಿಯಾಯಿತು. ಜನವರಿಯಲ್ಲಿ ಹೊಟ್ಟೆ ಊದಿಕೊಂಡಿತು. ವೆಲ್ಡಿಂಗ್ ರಾಡು ಹಿಡಿಯುವ ಕೈ ನಿಲ್ಲದೆ ಹೋಗಿ ಏಜಾಜ್ ಸಾಹೇಬರೇ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಲಿವರ್ ಪೂರ್ತಿ ಹಾಳಾಗಿದೆ, ಇನ್ನು ಒಂದು ತೊಟ್ಟು ಬಿದ್ದರೂ ಉಳಿಯುವುದಿಲ್ಲ, ಬೀಳದಿದ್ದರೂ ಉಳಿಯುತ್ತಾನೆಂದು ಹೇಳಲಾರೆ ಎಂದರು ಡಾಕ್ಟರು. ದ್ಯಾವಪ್ಪ ಆ ಸಂಜೆಯೂ ಕುಡಿದ. ಅದರ ಮಾರನೆಯ ವಾರ ಬೂದಿ ಬುಧವಾರ.

ರೂಬಿಯ ಹೆಗಲು ಹಿಡಿದುಕೊಂಡು ಚರ್ಚಿಗೆ ಹೋಗಿ ಬೂದಿ ಹಚ್ಚಿಸಿಕೊಂಡು ಬಂದವನು ಗೋಡೆಗೊರಗಿ ಕೂತು ಹೆಂಡತಿಯನ್ನು ಕರೆದ.

“ಈ ಸಲ ಭಾನ್ವಾರಾನೂ ಲೆಕ್ಕಕ್ಕೆ ತಗೋತೀನಿ ಕಣೇ.”

ಅವಳು ನಂಬಲಿಲ್ಲ. ನಂಬುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಆದರೆ ಮೊದಲ ಭಾನುವಾರ ದಾಟಿತು. ಎರಡನೆಯದು ದಾಟಿತು. ಮೂರನೆಯ ಭಾನುವಾರ ಅವನು ಅಂಗಳದ ಬಿಸಿಲಲ್ಲಿ ಕೂತು, ಚರ್ಚಿನಿಂದ ತರಿಸಿಕೊಂಡ ಆ ಹದಿನಾಲ್ಕು ಶಿಲುಬೆಗಳ ತುಕ್ಕು ಉಜ್ಜಿ ಬಣ್ಣ ಹೊಡೆಯತೊಡಗಿದ. ಅರ್ಧ ಗಂಟೆಗೊಮ್ಮೆ ಸುಸ್ತಾಗಿ ಮಲಗುತ್ತಿದ್ದ, ಮತ್ತೆ ಏಳುತ್ತಿದ್ದ. ಹದಿಮೂರು ವರ್ಷದ ರೂಬಿ ಅವನಿಗೆ ಬಣ್ಣದ ಡಬ್ಬ ಹಿಡಿದು ಕೂತಿರುತ್ತಿದ್ದಳು. ಹಿಂದೆ ತಲೆ ಬಾಚಿದ್ದನ್ನು, ಸೈಕಲ್ ಕಲಿಸಿದ್ದನ್ನು ಇಬ್ಬರೂ ನೆನೆಸಿಕೊಂಡು ನಗುವುದು ಒಳಗೆ ಒಲೆ ಮುಂದಿದ್ದ ಮರಿಯಮ್ಮನಿಗೆ ಕೇಳಿಸಿತು. ಆರು ವರ್ಷದಿಂದ ಬಾರದ ಆ ಹುಡುಗ ಹಳದಿ ಕಣ್ಣು, ಊದಿದ ಹೊಟ್ಟೆ ಹೊತ್ತು ಬಂದು ಅಂಗಳದಲ್ಲಿ ಕೂತಿದ್ದ. ಅವಳು ಸೌದೆ ಹೊಗೆಯ ನೆಪದಲ್ಲಿ ಮನಸಾರೆ ಅತ್ತಳು.

ಆಸೆ ಬಹಳ ಕೆಟ್ಟದ್ದು. ನಾಲ್ಕನೆಯ ಭಾನುವಾರ ದಾಟಿದಾಗ ಅದು ಅವಳೊಳಗೂ ಸೇರಿಕೊಂಡಿತು. ಬಣ್ಣ ಹೊಡೆದು ಮುಗಿದದ್ದು ಹನ್ನೊಂದು ಶಿಲುಬೆಗೆ, ಅಷ್ಟರಲ್ಲಿ ಅವನಿಗೆ ರಕ್ತ ವಾಂತಿಯಾಯಿತು. ಗರಿಗಳ ಭಾನುವಾರ ಆಸ್ಪತ್ರೆಯಲ್ಲೇ ಕಳೆಯಿತು. ಗುರುವಾರ ಬೆಳಿಗ್ಗೆ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರು. ಮರಿಯಮ್ಮ ಬಟ್ಟೆ, ಲೋಟ ಚೀಲಕ್ಕೆ ತುಂಬಿದಳು.

ಶುಭ ಶುಕ್ರವಾರ ಮಧ್ಯಾಹ್ನ ಬೀದಿಯಲ್ಲಿ ಶಿಲುಬೆಯ ಮೆರವಣಿಗೆ ಹೋಯಿತು. ಶಿಲುಬೆ ಬೇರೆ ಯಾರದೋ ಹೆಗಲ ಮೇಲಿತ್ತು. ಹಾಡು ಹತ್ತಿರ ಬಂದು ದೂರವಾಗುವವರೆಗೆ ದ್ಯಾವಪ್ಪ ಕಣ್ಣು ಮುಚ್ಚಿಕೊಂಡಿದ್ದ. ಆಮೇಲೆ ಹೆಂಡತಿಯ ಕೈ ಹುಡುಕಿ ಹಿಡಿದ.

“ಭಾನ್ವಾರ ಹಬ್ಬ ಅಲ್ವಾ?”

“ಹೂಂ.”

“ಭಾನ್ವಾರಾನೂ ಕುಡ್ಯಲ್ಲ ಕಣೇ. ಆ ದಿನ ಸ್ವಾಮೀದಲ್ಲ, ನಂದೂ ಅಲ್ಲ.” ಉಸಿರು ಎಳೆದುಕೊಂಡ. “ನಿಂದು. ಅವತ್ತು ಕೇಳಿದ್ಯಲ್ಲ.”

ಹದಿನಾಲ್ಕು ವರ್ಷದ ಹಿಂದೆ ಕೇಳಿದ ಪ್ರಶ್ನೆ. ಮರೆತಿರಲಿಲ್ಲ ಅವನು. ಮರಿಯಮ್ಮ ಅವನ ಕೈ ಬಿಡದೆ, ಹದಿನಾಲ್ಕು ವರ್ಷದಲ್ಲಿ ಮೊದಲ ಸಲ, ಹಬ್ಬ ಬರ್ಲಪ್ಪಾ ಎಂದು ದೇವರನ್ನು ಬೇಡಿದಳು. ಬೇಗ ಏಳು ಸ್ವಾಮಿ. ಮೂರನೇ ದಿನದ ತನಕ ಕಾಯಬೇಡ, ಇವನಿಗೆ ಅಷ್ಟು ಹೊತ್ತಿಲ್ಲ, ಈ ಒಂದು ವರ್ಷ ಒಂದು ದಿನ ಮುಂಚೆ ಏಳು. ಹೀಗೆಲ್ಲ ಬೇಡಬಹುದೇ ಎಂದು ಯೋಚಿಸುವ ಸ್ಥಿತಿಯಲ್ಲಿ ಅವಳಿರಲಿಲ್ಲ.

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ದ್ಯಾವಪ್ಪ ಸತ್ತ. ಭಾನುವಾರಗಳನ್ನು ಬಿಟ್ಟು ಎಣಿಸಿದರೆ ಅದು ಸರಿಯಾಗಿ ನಲವತ್ತನೆಯ ದಿನ.

ಆ ಶನಿವಾರ ಚರ್ಚಿನಲ್ಲಿ ಸತ್ತವರಿಗೆ ಪೂಜೆಯಿಲ್ಲ. ಪೀಠದ ಮೇಲೆ ಬಟ್ಟೆ ಕೂಡ ಇರುವುದಿಲ್ಲ, ಗಂಟೆ ಹೊಡೆಯುವುದಿಲ್ಲ. ಭಾನುವಾರವೂ ಆಗದು, ಸೋಮವಾರದವರೆಗೆ ಇಟ್ಟುಕೊಳ್ಳುವಂತೆ ದೇಹವಿರಲಿಲ್ಲ. ಮಧ್ಯಾಹ್ನ ಮೂರು ಗಂಟೆಗೆ, ಫಾದರ್ ಸಮಾಧಿಯ ಹತ್ತಿರ ಪ್ರಾರ್ಥನೆ ಹೇಳಿ ಮಣ್ಣು ಮಾಡಿಸಿದರು. ಏಜಾಜ್ ಸಾಹೇಬರು ಶೆಡ್ಡು ಮುಚ್ಚಿ ಕೆಲಸಗಾರರನ್ನೆಲ್ಲ ಕರೆತಂದಿದ್ದರು. ಬಣ್ಣ ಕಾಣದೆ ಉಳಿದಿದ್ದ ಮೂರು ಶಿಲುಬೆಗಳಲ್ಲಿ ಒಂದನ್ನು ರೂಬಿ ತಂದು ತಲೆಯ ಕಡೆ ನೆಟ್ಟಳು. ಚರ್ಚಿಗೆ ಹದಿಮೂರೇ ಉಳಿದವಲ್ಲ ಎಂದು ಯಾರೂ ಕೇಳಲಿಲ್ಲ.

ಮನೆಗೆ ಬಂದು ಮೈ ತೊಳೆದುಕೊಂಡು, ಸಂಜೆ, ಮರಿಯಮ್ಮ ಮೂಲೆಯಲ್ಲಿದ್ದ ಬಿಂದಿಗೆಯ ನೀರನ್ನು ಬಕೆಟ್ಟಿಗೆ ಸುರಿದಳು. ಬಟ್ಟೆಯಿಂದ ಒರೆಸಿದಳು. ಸೊಂಟದ ಮೇಲಿಟ್ಟುಕೊಂಡು ಮೂರು ಮನೆ ದಾಟಿ ಬಾಗಿಲು ಬಡಿದಳು. ಬಾಗಿಲು ತೆರೆದ ಜಮಾಲುನ್ನೀಸಾ ಬಿಂದಿಗೆಯನ್ನು ನೋಡಿದಳು, ಇವಳ ಮುಖ ನೋಡಿದಳು. ಎರಡೂ ಕೈ ಚಾಚಿ ಬಿಂದಿಗೆ ಇಸಿದುಕೊಂಡು ಬಾಗಿಲ ಹಿಂದೆ ಇಟ್ಟಳು.

“ನಾಡಿದ್ದು ಬರ್ತೀನಿ ಜಮಾಲಕ್ಕ,” ಎಂದಳು ಮರಿಯಮ್ಮ.

“ಬಾಮ್ಮ.”

ಎರಡು ಮನೆ ದಾಟಿ ಬಂದ ಮೇಲೆ ಅವಳ ಕಾಲು ನಿಂತಿತು. ಯಾರಿಂದ ಅಡಗಿಸಿಟ್ಟು ಬಂದೆ ಎಂದು ಅವಳಿಗೆ ಆಗ ಹೊಳೆಯಿತು. ಬೀದಿಯ ನಡುವೆಯೇ ಕುಸಿದು ಕೂತಳು. ಬೆಳಿಗ್ಗೆಯಿಂದ ಬಾರದ ಅಳು ಅಲ್ಲಿ ಬಂತು.

ಭಾನುವಾರ ಬೆಳಿಗ್ಗೆ ಗಂಟೆ ಹೊಡೆಯಿತು. ಎರಡು ದಿನ ಮೂಕವಾಗಿದ್ದ ಗಂಟೆ ಈಗ ನಿಲ್ಲುವಂತೆಯೇ ಇರಲಿಲ್ಲ. ಮರಿಯಮ್ಮ ರೂಬಿಯನ್ನು ಎಬ್ಬಿಸಿ ಕರೆದುಕೊಂಡು ಹೋದಳು. ಎಲ್ಲರೂ ಹೊಸ ಬಟ್ಟೆಯಲ್ಲಿದ್ದರು. ಇವರಿಬ್ಬರನ್ನು ನೋಡಿ ಜನ ಸರಿದು ಬೆಂಚಿನಲ್ಲಿ ಜಾಗ ಬಿಟ್ಟರು. ಎದ್ದನು, ಎದ್ದನು ಎಂದು ಸುತ್ತಲೂ ಹಾಡುತ್ತಿದ್ದರು. ಅವಳು ಪೀಠದ ಮೇಲಿನ ಯೇಸುಸ್ವಾಮಿಯನ್ನೇ ನೋಡುತ್ತಾ ಕೂತಿದ್ದಳು. ಬೇಡುವುದಕ್ಕೆ ಅವಳಲ್ಲಿ ಏನೂ ಉಳಿದಿರಲಿಲ್ಲ. ಎಣಿಸುವುದಕ್ಕೂ ಉಳಿದಿರಲಿಲ್ಲ.

“ನೀನು ಎದ್ದೆ,” ಎಂದಳು ಬಾಯೊಳಗೇ. “ಅವ್ನು ಏಳ್ಲಿಲ್ಲ. ಇನ್ನು ನಿನ್ನಿಷ್ಟ.”

ಹೇಳಿದ್ದು ಭಕ್ತಿಯಿಂದಲೋ, ಬರಿಯ ಸುಸ್ತಿನಿಂದಲೋ ಅವಳಿಗೆ ಗೊತ್ತಾಗಲಿಲ್ಲ. ಮನಸ್ಸಾರೆ ಹೇಳಿದ್ದಂತೂ ಹೌದು. ಪರಮಪ್ರಸಾದಕ್ಕೆ ಜನ ಏಳುತ್ತಿದ್ದಂತೆ ಅವಳೂ ಎದ್ದು, ನಾಲ್ಕು ವರ್ಷದ ಮೇಲೆ, ಸಾಲಿನ ಕೊನೆಯಲ್ಲಿ ನಿಂತಳು. ಮುದಿ ಫಾದರ್ ಅವಳನ್ನು ನೋಡಿ ಒಂದು ಗಳಿಗೆ ತಡೆದು, ಆಮೇಲೆ ಕೈ ಮುಂದೆ ಮಾಡಿದರು.

ಮನೆಗೆ ಬರುವಾಗ ಜಮಾಲುನ್ನೀಸಾ ಬಾಗಿಲಲ್ಲೇ ನಿಂತಿದ್ದಳು. ಬಿಂದಿಗೆಯನ್ನು ಹುಣಸೆಹಣ್ಣು ಹಾಕಿ ಬೆಳಗಿ ಹೊಸ್ತಿಲ ಮೇಲಿಟ್ಟಿದ್ದಳು. ಮರಿಯಮ್ಮ ಎತ್ತಿಕೊಂಡು ಬಂದು, ನಲ್ಲಿಯಲ್ಲಿ ನೀರು ತುಂಬಿಸಿ, ಮೂಲೆಯಲ್ಲಿ ಅದರ ಜಾಗದಲ್ಲಿ ಇಟ್ಟಳು. ಹದಿನಾಲ್ಕು ಈಸ್ಟರ್‌ಗಳಲ್ಲಿ ಮೊದಲ ಸಲ, ಹಬ್ಬದ ದಿನ ಬಿಂದಿಗೆ ಮನೆಯಲ್ಲೇ ಇತ್ತು.